ಕೋಳಿ ಹಿಡಿಯಲು ಕುದುರೆ ಇಲ್ಲದ ಕದಂಬರು

ಕಂಪ್ಯೂಟರಿನ ತಂತ್ರದಾಟಕ್ಕೆ ಹೊಸ ನಾಗರಿಕತೆ ಕಟ್ಟಲು ಹೊರಟವರು ಮೊದಲು ಕೈಹಾಕುವುದು ಶೇಕಡಾ ಲೆಕ್ಕಕ್ಕೆ. ಬಿಲ್ಲಾಳಿಗೆ ಹತ್ತು ಹೆಚ್ಚು, ಆನೆಗೆ ಇಪ್ಪತ್ತು ಹೆಚ್ಚು. ‘ಝೀರೋ ಎ.ಡಿ.’ಗೆ ಕದಂಬರನ್ನು ಸೇರಿಸುವಾಗ ನಾನೂ ಎರಡು ವಾರ ಅದನ್ನೇ ಮಾಡಿದೆ. ಕೊನೆಗೆ ತೆರೆಯ ಮೇಲೆ ಬಂದದ್ದು ಹೆಸರು ಬದಲಿಸಿಕೊಂಡ ಮೌರ್ಯರು. ಅದನ್ನು ಪೂರ್ತಿ ಅಳಿಸಿ ಮತ್ತೆ ಶುರುಮಾಡಿದ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ವೈಲ್ಡ್‌ಫೈರ್ ಗೇಮ್ಸ್ ತಂಡದ ಉಚಿತ ಆಟ. 2009ರಲ್ಲಿ ಇದರ ಮೂಲ ಸಂಕೇತವನ್ನೂ (ಸೋರ್ಸ್ ಕೋಡ್) ಎಲ್ಲರಿಗೆ ತೆರೆದಿಟ್ಟರು. ಕಾಲ ಕ್ರಿ.ಪೂ. 500ರಿಂದ ಕ್ರಿ.ಶ. 500. ನೀವು ಆರಿಸಿದ ರಾಜ್ಯ ಈ ಬೇಲಿಯೊಳಗೆ ಬರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಹೊಯ್ಸಳರು, ವಿಜಯನಗರ ಎರಡೂ ಹೊರಗೆ. ಕದಂಬರು ನಾಲ್ಕನೆಯ ಶತಮಾನದ ಮಯೂರಶರ್ಮನಿಂದ ಶುರುವಾಗುವುದರಿಂದ ಒಳಗೆ ಬಂದರು.

ಮುಂದಿನ ಕೆಲಸ ‘ಇಲ್ಲ’ಗಳ ಪಟ್ಟಿ. 1999ರಲ್ಲಿ ಬಂದ ‘ಏಜ್ ಆಫ್ ಎಂಪೈರ್ಸ್ 2’ರ ಹದಿಮೂರು ನಾಗರಿಕತೆಗಳನ್ನು ನೋಡಿ. ಎಲ್ಲರಿಗೂ ಸೈನಿಕರು, ಕಟ್ಟಡಗಳ ಒಂದೇ ಮರ, ಒಬ್ಬೊಬ್ಬರಿಗೆ ಒಂದೊಂದು ಕೊಂಬೆ ಕಡಿದಿದ್ದಾರೆ. ಗಾಥರಿಗೆ ಕಲ್ಲಿನ ಗೋಡೆ ಇಲ್ಲ. ಮರುವರ್ಷ ಸೇರಿದ ಅಜ್ಟೆಕ್ಕರಿಗಂತೂ ಕುದುರೆಲಾಯವೇ ಇಲ್ಲ. ಅಜ್ಟೆಕ್ಕರ ಯಾವ ಬೋನಸ್ಸೂ ನನಗೆ ಈಗ ಬಾಯಿಪಾಠವಿಲ್ಲ, ಆದರೆ ಕುದುರೆ ಇಲ್ಲದೆ ಆಡಿದ್ದು ಕೈಗೆ ನೆನಪಿದೆ.

ಕದಂಬರ ‘ಇಲ್ಲ’ ನನಗೆ ಸಿಕ್ಕಿದ್ದು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದಲ್ಲಿ. ಕದಂಬ ಅರಸ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಬರೆದ ಸಂಸ್ಕೃತ ಶಾಸನ ಅದು. ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದಲು ಹೋಗುತ್ತಾನೆ. ಅಲ್ಲಿ ಪಲ್ಲವರ ಕುದುರೆಯಾಳಿನೊಂದಿಗೆ ಜಗಳವಾಯಿತು ಎಂದೇ ಸಾಮಾನ್ಯವಾಗಿ ಅರ್ಥ ಹೇಳುತ್ತಾರೆ. ಸಿಟ್ಟಿಗೆದ್ದವನು ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು, ಗಡಿ ಕಾಯುವವರನ್ನು ಸೋಲಿಸಿ ಶ್ರೀಪರ್ವತದ ಕಾಡು ಸೇರುತ್ತಾನೆ, ಬೃಹದ್ಬಾಣರಿಂದ ಕಪ್ಪ ವಸೂಲು ಮಾಡುತ್ತಾನೆ. ಅಲ್ಲಿಗೆ ತೀರ್ಮಾನವಾಯಿತು: ನನ್ನ ಕದಂಬರಿಗೆ ಮೊದಲ ಹಂತದಲ್ಲಿ ಕುದುರೆ ಇಲ್ಲ.

ಇದು ಸಣ್ಣ ಕೊರತೆಯಲ್ಲ. ಈ ಆಟದಲ್ಲಿ ಶುರುವಿಗೆ ನಾಲ್ವರು ಹೆಂಗಸರು, ನಾಲ್ವರು ಕಾಲಾಳುಗಳು, ಒಬ್ಬ ಕುದುರೆಸವಾರ ಸಿಗುತ್ತಾರೆ. ಆ ಸವಾರ ಮೊದಲ ಕ್ಷಣದಿಂದಲೇ ಊರಿನ ಸುತ್ತಲ ಕೋಳಿ, ಆಮೇಲೆ ಜಿಂಕೆ ಬೇಟೆಯಾಡಿ ತಂದು ಹಾಕುತ್ತಾನೆ. ಮಾಂಸ ತರುವುದರಲ್ಲಿ ಕಾಲಾಳು ಅವನ ಹತ್ತಿರಕ್ಕೂ ಬರುವುದಿಲ್ಲ. ಶಿರಸಿಯಲ್ಲಿರುವ ಚಿಕ್ಕಪ್ಪನ ಮಗ ನನ್ನ ಪರೀಕ್ಷಕ. ಮೊದಲ ಸಲ ಆಡಲು ಕೂತವನು ಅರ್ಧ ನಿಮಿಷಕ್ಕೆ ಫೋನ್ ಮಾಡಿದ: “ಅಣ್ಣಾ, ಕೋಳಿ ಹಿಡಿಯೋಕೆ ಯಾರೂ ಇಲ್ವಲ್ಲ ಮಾರಾಯ!” ಕೊರತೆ ಆಟಗಾರನಿಗೆ ತಟ್ಟಿತು ಎಂದು ನನಗೆ ಖುಷಿಯಾಯಿತು. ಅವನಿಗೆ ಆಗಲಿಲ್ಲ. ಸವಾರನ ಬದಲು ಒಬ್ಬ ಕಾಲಾಳನ್ನು ಹೆಚ್ಚಿಗೆ ಕೊಟ್ಟು ಸಮಾಧಾನ ಮಾಡಿದೆ.

ಕಿತ್ತುಕೊಂಡ ಮೇಲೆ ಕೊಡಬೇಕಲ್ಲ. ಕೊಡುವುದನ್ನು ಒಂದೇ ಒಂದು ಕೊಡಿ, ಅದೂ ಆಟಗಾರನ ಕೈಗೆ ಬೇರೆ ಕೆಲಸ ಹಚ್ಚುವಂಥದ್ದು. ಮೌರ್ಯರಿಗೆ ಇದೇ ಆಟದವರು ಕೊಟ್ಟ ಕೆಲಸದ ಆನೆ ಒಳ್ಳೆಯ ಮಾದರಿ: ಕಡಿದ ಮರ, ಒಡೆದ ಕಲ್ಲನ್ನು ಉಗ್ರಾಣಕ್ಕೆ ಹೊರುವ ಬದಲು ಆನೆಗೇ ಹೇರಬಹುದು. ಹಾಗಾಗಿ ಮೌರ್ಯರನ್ನು ಆಡುವವನು ಉಗ್ರಾಣ ಕಟ್ಟುವ ಜಾಗ ಹುಡುಕುವುದಿಲ್ಲ, ಆನೆ ನಡೆಸುತ್ತಾನೆ.

ನನಗೆ ಬೇಕಾದ ಆ ಒಂದು ಸಂಗತಿ ಹಲ್ಮಿಡಿ ಶಾಸನದ ಒಂದು ಪದದಲ್ಲಿತ್ತು: ಬಾಳ್ಗಳ್ಚು. ಬಾಳು ಎಂದರೆ ಕತ್ತಿ, ಕಳ್ಚು ಎಂದರೆ ತೊಳೆ. ಸುಮಾರು ಕ್ರಿ.ಶ. 450ರ ಈ ಶಾಸನದಲ್ಲಿ, ಕೇಕಯ-ಪಲ್ಲವರ ಮೇಲಿನ ಕಾಳಗದಲ್ಲಿ ಹೋರಾಡಿದ ವಿಜ ಅರಸನಿಗೆ ಹಲ್ಮಿಡಿ, ಮೂಳಿವಳ್ಳಿಗಳನ್ನು ಹೀಗೆ ಕತ್ತಿ ತೊಳೆದು ದಾನ ಕೊಟ್ಟಿದ್ದಾರೆ. ಈಗ ಆಟದ ನಿಯಮ ನೋಡಿ. ಇಲ್ಲಿ ಸೈನಿಕನೇ ಕೂಲಿ. ಹೊಲದಲ್ಲೂ ದುಡಿಯುತ್ತಾನೆ, ಕಾಳಗಕ್ಕೂ ಹೋಗುತ್ತಾನೆ. ಅನುಭವ ಬಂದು ದರ್ಜೆ ಏರಿದಂತೆ ಕಾಳಗದಲ್ಲಿ ಚುರುಕಾಗುತ್ತಾನೆ, ದುಡಿಮೆಯಲ್ಲಿ ಸೋಮಾರಿಯಾಗುತ್ತಾನೆ. ನಾನು ಆ ನಿಯಮಕ್ಕೇ ಕದಂಬರ ಒಂದು ಅಪವಾದ ಸೇರಿಸಿದೆ. ಬಾಳ್ಗಳ್ಚು ಪಡೆದ ಮೇಲೆ ದರ್ಜೆ ಏರಿದ ಸೈನಿಕ ಹೊಲಕ್ಕೆ ಮರಳಿದರೆ ಅವನ ಕೊಯ್ಲು ಕುಂದುವುದಿಲ್ಲ. ಹೊಲ ಈಗ ಅವನದೇ. ಮಿಕ್ಕ ನಾಗರಿಕತೆಗಳಲ್ಲಿ ಗೆದ್ದ ದಂಡನ್ನು ಹಾಗೇ ಮುಂದಕ್ಕೆ ನುಗ್ಗಿಸುವವರು ಕದಂಬರಲ್ಲಿ ಅದನ್ನು ಮನೆಗೆ ಕರೆಸತೊಡಗಿದರು.

ಕಡತಗಳ ಕೆಲಸ ಹೆದರಿಸುವಷ್ಟಿಲ್ಲ. ಮಾಡ್‌ನ (ಆಟಕ್ಕೆ ನಾವು ಸೇರಿಸುವ ಬದಲಾವಣೆಗಳ ಕಟ್ಟು) ಹೆಸರು, ಆವೃತ್ತಿ ಹೇಳುವ ಒಂದು ಜೇಸನ್ ಕಡತ. ನಾಗರಿಕತೆಯ ಸಂಕೇತ, ಲಾಂಛನ, ಸಂಗೀತ, ಆರಂಭದ ಜನ, ಕಂಪ್ಯೂಟರ್ ಆಡಿದರೆ ಬಳಸುವ ಅರಸರ ಹೆಸರು ಇಷ್ಟನ್ನು ಹಿಡಿದ ಇನ್ನೊಂದು. ಸೈನಿಕರಿಗೂ ಕಟ್ಟಡಗಳಿಗೂ ಒಂದೊಂದು ಎಕ್ಸ್‌ಎಂಎಲ್ ಕಡತ. ಭಲ್ಲೆಯಾಳನ್ನು ಸೊನ್ನೆಯಿಂದ ಬರೆಯಬೇಡಿ, ಆಟದಲ್ಲಿರುವ ಭಲ್ಲೆಯಾಳಿನ ಮಾದರಿಯನ್ನು ತಾಯಿ ಎಂದು ತೋರಿಸಿ, ಬದಲಾದದ್ದನ್ನಷ್ಟೇ ಬರೆಯಿರಿ. ನೀವು ಬರೆಯದ ಸೈನಿಕನ ಬಟನ್ ಕದಂಬರ ಊರಕೇಂದ್ರದಲ್ಲಿ ತಾನಾಗಿಯೇ ಕಾಣದೆ ಹೋಗುತ್ತದೆ, ಆದ್ದರಿಂದ ‘ಇಲ್ಲ’ ಪಟ್ಟಿಗೆ ಹೆಚ್ಚು ಕೋಡಿಂಗ್ ಬೇಡ.

ಪ್ರತಿ ಸೈನಿಕನಿಗೆ ಆ ನಾಡಿನ ನುಡಿಯಲ್ಲೊಂದು ಹೆಸರು ಕೊಡುವುದು ಈ ಆಟದ ವಾಡಿಕೆ. ಕದಂಬರ ಕಾಲದಲ್ಲಿ ಚಂದ್ರವಳ್ಳಿಯ ಶಾಸನದ್ದು ಪ್ರಾಕೃತ, ತಾಳಗುಂದದ್ದು ಸಂಸ್ಕೃತ, ಹಲ್ಮಿಡಿಯದು ಕನ್ನಡ. ನಾನು ಅರಸರಿಗೆ ಸಂಸ್ಕೃತ, ಆಳುಗಳಿಗೆ ಕನ್ನಡ ಇಟ್ಟೆ. ಜಗಳ ಆಡುವವರು ಆಡಬಹುದು.

ಕಟ್ಟಡದ ಚಿತ್ರಕ್ಕೆ ಬನವಾಸಿಗೆ ಹೋಗಿ ಮಧುಕೇಶ್ವರ ದೇವಾಲಯದ ನೂರಾರು ಫೋಟೊ ತೆಗೆದು ತಂದಿದ್ದೆ. ಒಂದೂ ಉಪಯೋಗಕ್ಕೆ ಬರಲಿಲ್ಲ. ನಾವು ಈಗ ನೋಡುವ ಮಂಟಪಗಳು ಬಹುಪಾಲು ನಂತರದ ಕಾಲದವು. ಈಗ ಮೌರ್ಯರ ಮನೆಗಳನ್ನೇ ಎರವಲು ಪಡೆದಿದ್ದೇನೆ. ಶಿಲ್ಪಕ್ಕಿಂತ ಆಟ ಮೊದಲು.

ಕೆರೆಯ ವಿಷಯದಲ್ಲಿ ಎಡವಿದ್ದನ್ನೂ ಹೇಳಬೇಕು. ಚಂದ್ರವಳ್ಳಿಯಲ್ಲಿ ಮಯೂರಶರ್ಮನ ಕೆರೆ, ತಾಳಗುಂದದಲ್ಲಿ ಕಾಕುಸ್ಥವರ್ಮನ ಕೆರೆ. ಹಾಗಾಗಿ ಕೆರೆ ಬೇಕೇ ಬೇಕು ಎನಿಸಿತು. ಹತ್ತಿರದ ಹೊಲದಲ್ಲಿ ದುಡಿಯುವವರ ಧಾನ್ಯ ಶೇ. 15 ಹೆಚ್ಚುವಂತೆ ಕೆರೆಗೊಂದು ಪ್ರಭಾವವಲಯ ಬರೆದೆ. ಒಂದರ ಪ್ರಭಾವ ಇನ್ನೊಂದರ ಮೇಲೆ ಕೂಡಲಿ ಎಂದು ಹೇಳುವ ಒಂದು ಸಾಲು ಇದೆ, ಅದನ್ನೂ ಯೋಚಿಸದೆ ಹಾಕಿಬಿಟ್ಟೆ. ಚಿಕ್ಕಪ್ಪನ ಮಗ ಊರಕೇಂದ್ರದ ಸುತ್ತ ಆರು ಕೆರೆ ತೋಡಿದ. ಆರು ಹದಿನೈದು ತೊಂಬತ್ತು ಎಂದು ನನ್ನ ಲೆಕ್ಕ. ಆಟ ಕೂಡಿಸುವುದಿಲ್ಲ, ಗುಣಿಸುತ್ತದೆ: 1.15ನ್ನು ಆರು ಸಲ ಗುಣಿಸಿದರೆ 2.31. ಎರಡೂಕಾಲು ಪಟ್ಟು ದಾಟಿದ ಭತ್ತ! ಹನ್ನೆರಡನೇ ನಿಮಿಷಕ್ಕೆ ಅವನ ದಂಡು ನನ್ನ ರೋಮನ್ನರ ಬಾಗಿಲಲ್ಲಿತ್ತು.

ಆ ಸಾಲು ಅಳಿಸಿದ ಮೇಲೆ ಕೆರೆ ಎಷ್ಟಿದ್ದರೂ ಒಂದು ಹೊಲಕ್ಕೆ ಒಂದೇ ಕೆರೆಯ ಲಾಭ. ನಿಮ್ಮ ಮಾಡ್ ಅನ್ನು ಇನ್ನೊಬ್ಬರ ಕೈಗೆ ಕೊಡುವಾಗ ಗೆಲ್ಲು ಎನ್ನಬೇಡಿ, ಹಾಳುಮಾಡು ಎನ್ನಿ. ಒಂದೇ ನಕ್ಷೆಯಲ್ಲಿ ಪಕ್ಷ ಬದಲಿಸಿಕೊಂಡು ಹತ್ತಾಟ ಆಡಿ, ಸೋತ ಸಮಯ ಬರೆದಿಡಿ. 2025ರ ಜನವರಿಯಲ್ಲಿ ‘ಅಗ್ನಿ’ ಎಂಬ ಇಪ್ಪತ್ತೇಳನೆಯ ಆಲ್ಫಾ (ಪ್ರಾಯೋಗಿಕ ಆವೃತ್ತಿ) ಬಂತು. ಯಾವ ಆವೃತ್ತಿಗೆ ಬರೆದಿರೋ ಅದನ್ನು ಮಾಡ್ ಕಡತದಲ್ಲಿ ನಮೂದಿಸಿ. ನನ್ನ ತಮ್ಮ ಈಗ ಕೋಳಿಗಳನ್ನು ಬಿಟ್ಟೇಬಿಟ್ಟಿದ್ದಾನೆ. ನೇರ ಹಣ್ಣಿನ ಪೊದೆಗೆ ಹೋಗುತ್ತಾನೆ.