ಒಂದೇ ಮಳೆಗಾಲಕ್ಕೆ ಕೂತುಹೋದ ಅಂಗಳ

ಕೊಡಗಿನ ನಾಪೋಕ್ಲು ಹತ್ತಿರ ನಮ್ಮ ಮನೆ. ಗೇಟಿನಿಂದ ಮೆಟ್ಟಿಲವರೆಗೆ ಇಪ್ಪತ್ತಡಿ ಅಂಗಳ. ಕೆಸರು ತುಳಿದು ಸಾಕಾಗಿ ಒಂದು ಮೇ ತಿಂಗಳಲ್ಲಿ, ಜೊತೆಗೊಬ್ಬ ಹುಡುಗನನ್ನು ಇಟ್ಟುಕೊಂಡು ನಾನೇ ಇಂಟರ್‌ಲಾಕ್, ಅಂದರೆ ಒತ್ತೊತ್ತಾಗಿ ಜೋಡಿಸುವ ಕಾಂಕ್ರೀಟ್ ಬ್ಲಾಕ್ ಹಾಕಿದೆ. ನೋಡಲು ಬಲು ಚೆಂದ ಬಂತು. ಕಕ್ಕಡ (ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳು) ಮುಗಿಯುವಷ್ಟರಲ್ಲಿ ಜೀಪಿನ ಚಕ್ರದ ಜಾಡಿನಲ್ಲಿ ಎರಡು ಉದ್ದನೆಯ ತಗ್ಗು, ಮೆಟ್ಟಿಲ ಬುಡದಲ್ಲಿ ಪಾದ ಮುಳುಗುವಷ್ಟು ನೀರು. "ಅಂಗಳ ಹಾಕಿದ್ದೋ, ಕೆರೆ ತೋಡಿದ್ದೋ?" ಅಂದರು ಅಮ್ಮ.

ಬ್ಲಾಕಿನ ತಪ್ಪೇನೂ ಇರಲಿಲ್ಲ, ಒಂದೂ ಒಡೆದಿರಲಿಲ್ಲ. ಕಿತ್ತು ನೋಡಿದಾಗ ಗೊತ್ತಾಯಿತು: ಕೆಳಗಿನ ಕೆಂಪು ಮಣ್ಣು ಹಿಟ್ಟು ಕಲಸಿದ ಹಾಗೆ ಮೆತ್ತಗಾಗಿ ಮರಳಿನ ಜೊತೆ ಬೆರೆತುಹೋಗಿತ್ತು. ನಾನು ನಾಲ್ಕೇ ಇಂಚು ಅಗೆದು, ಮೇಲೆ ಮರಳು ಸುರಿದು ಬ್ಲಾಕ್ ಜೋಡಿಸಿದ್ದೆ. ಜಲ್ಲಿಯೇ ಹಾಕಿರಲಿಲ್ಲ.

ಎರಡನೇ ಸಲ ಕಾಫಿ ಕೊಯ್ಲು ಮುಗಿಯಲಿ ಅಂತ ಕಾದೆ, ಅದಕ್ಕೆ ಮೊದಲು ಆಳು ಸಿಗುವ ಮಾತೇ ಇಲ್ಲ. ಮಾರ್ಚಿನಲ್ಲಿ ಒಂದಡಿ ಅಗೆದೆವು. ಲೆಕ್ಕ ಸುಲಭ: ಜೀಪು ಬರುವ ಜಾಗ ಅಂದಮೇಲೆ 60 ಮಿ.ಮೀ. ದಪ್ಪದ ಬ್ಲಾಕ್ ಬೇಡ, 80 ಮಿ.ಮೀ. ಬ್ಲಾಕ್, ಅದರ ಕೆಳಗೆ 30 ಮಿ.ಮೀ. ಮರಳು, ಅದರಡಿ 200 ಮಿ.ಮೀ. ಜಲ್ಲಿ. ಬರೀ ನಡೆದಾಡುವ ಜಾಗಕ್ಕಾದರೆ 60ರ ಬ್ಲಾಕು, ನಾಲ್ಕಿಂಚು ಜಲ್ಲಿ ಸಾಕು. ಮಣ್ಣಿನ ಮೇಲೆ ಜಿಯೋ ಟೆಕ್ಸ್‌ಟೈಲ್ ಬಟ್ಟೆ ಹಾಸಿದೆ, ಕೆಸರು ಮೇಲೆ ಉಕ್ಕಬಾರದು ಅಂತ. ಜಲ್ಲಿ ಮತ್ತು ಕ್ರಷರ್ ಡಸ್ಟ್ (ಕಲ್ಲುಪುಡಿ) ಬೆರೆಸಿ, ಸ್ವಲ್ಪ ನೀರು ಚಿಮುಕಿಸಿ, ಎರಡು ಪದರವಾಗಿ ಹಾಕಿ ಒಂದೊಂದನ್ನೂ ಬಾಡಿಗೆ ಕಂಪ್ಯಾಕ್ಟರಿನಲ್ಲಿ ಕುಟ್ಟಿದೆವು. ಎರಡೂ ಪದರವನ್ನು ಒಟ್ಟಿಗೆ ಸುರಿದು ಕುಟ್ಟಿದರೆ ಮೇಲೆ ಗಟ್ಟಿ, ಒಳಗೆ ಪೊಳ್ಳು.

ವಾಟ ಕೊಡುವುದು ಇನ್ನೊಂದು ಕೆಲಸ. ಐವತ್ತು ಅಡಿಗೆ ಒಂದಡಿ ಇಳಿಜಾರು ಅಂದರೆ ನಮ್ಮ ಇಪ್ಪತ್ತಡಿಗೆ ಸುಮಾರು ಐದಿಂಚು, ಮನೆಯಿಂದ ಆಚೆಗೆ. ಕಣ್ಣಳತೆಯನ್ನು ನಂಬಬೇಡಿ, ಮೊದಲ ಸಲ ನನಗೆ ಕೈಕೊಟ್ಟದ್ದು ಅದೇ. ಈ ಸಲ ಲೆವೆಲ್ ಟ್ಯೂಬಿನಲ್ಲಿ ನೀರು ತುಂಬಿ ಎರಡೂ ಕಡೆ ಗೂಟಕ್ಕೆ ಗುರುತು ಹಾಕಿ, ಐದಿಂಚು ಇಳಿಸಿ ದಾರ ಕಟ್ಟಿದೆ. ವಾಟ ಜಲ್ಲಿಯಲ್ಲೇ ಬರಬೇಕು. ಜಲ್ಲಿಯ ತಗ್ಗನ್ನು ಮರಳಿನಲ್ಲಿ ಸರಿಮಾಡುತ್ತೇನೆ ಅಂದರೆ ಮರಳು ದಪ್ಪಗಿರುವ ಕಡೆಯೇ ನಾಳೆ ಕೂರುತ್ತದೆ.

ಅದೃಷ್ಟಕ್ಕೆ, ಜಲ್ಲಿ ಕುಟ್ಟಿ ಮುಗಿದ ಸಂಜೆಯೇ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ ಬಂತು. ಹುಡುಗ "ಅಣ್ಣಾ, ಟಾರ್ಪಾಲು!" ಅಂತ ಓಡಿದ. ಬೇಡವೆಂದು ತಡೆದು, ಕೊಡೆ ಹಿಡಿದು ನಡುವೆ ನಿಂತೆ. ನೀರೆಲ್ಲ ಗೇಟಿನತ್ತ ಹರಿಯಿತು, ತುಳಸಿಕಟ್ಟೆಯ ಪಕ್ಕ ಮಾತ್ರ ಮೊರದಗಲ ನಿಂತಿತು. ಬೆಳಿಗ್ಗೆ ಅಲ್ಲಿಗೆ ಇನ್ನೊಂದು ಬುಟ್ಟಿ ಜಲ್ಲಿ ಹಾಕಿ ಕುಟ್ಟಿದೆವು.

ಮರಳು ಹರಡಲು ಒಂದಿಂಚಿನ ಎರಡು ಜಿಐ ಪೈಪ್ ಇಟ್ಟು ಮೇಲೆ ಪಟ್ಟಿ ಎಳೆದರೆ ದಪ್ಪ ತಾನಾಗಿ ಸರಿಬರುತ್ತದೆ. ಪೈಪ್ ತೆಗೆದ ಗೆರೆಗೆ ಮರಳು ತುಂಬಿ, ಆಮೇಲೆ ಅದರ ಮೇಲೆ ಕಾಲಿಡಬೇಡಿ, ಹಾಕಿದ ಬ್ಲಾಕಿನ ಮೇಲೆ ಕೂತೇ ಮುಂದಕ್ಕೆ ಹೋಗಿ. ಡಿಸೈನು ನಿಮ್ಮಿಷ್ಟ. ವಾಹನ ಬರುವ ಕಡೆ ಹೆರಿಂಗ್‌ಬೋನ್ (ಮೀನಿನ ಮುಳ್ಳಿನ ಹಾಗೆ ಹೆಣೆದ) ಜೋಡಣೆ ಗಟ್ಟಿ.

ಅಂಚಿಗೆ ಕಾಂಕ್ರೀಟಿನಲ್ಲಿ ಕರ್ಬ್ ಕಲ್ಲು ಕೂರಿಸಿದೆ. ಮೊದಲ ಸಲ ಅಂಚಿಗೆ ಮಣ್ಣೇ ಆಸರೆಯಾಗಿತ್ತು, ಮಣ್ಣು ಕೊಚ್ಚಿಹೋಗಿ ಸಾಲಿಗೆ ಸಾಲೇ ಬಾಯಿಬಿಟ್ಟಿತ್ತು. ಸಂದಿಗೆ ತುಂಬುವ ಮರಳು ನುಣುಪಾಗಿ, ಪೂರ್ತಿ ಒಣಗಿರಬೇಕು. ಹಸಿ ಮರಳು ಮೇಲೆಯೇ ನಿಂತುಬಿಡುತ್ತದೆ. ಕಾಫಿ ಒಣಗಿಸುವ ಕಣದಲ್ಲಿ ಎರಡು ದಿನ ಹರಡಿ, ಗುಡಿಸಿ ತುಂಬಿ, ಕಂಪ್ಯಾಕ್ಟರಿನ ಅಡಿಗೆ ರಬ್ಬರ್ ಮ್ಯಾಟ್ ಕಟ್ಟಿ ಓಡಿಸಿ, ಮತ್ತೆ ಗುಡಿಸಿದೆವು.

ಹೆಂಚಿನ ಮನೆಯವರು ಇದೊಂದನ್ನು ಗಮನಿಸಿ. ಸೂರಿನ ನೀರು ನೇರವಾಗಿ ಬ್ಲಾಕಿನ ಮೇಲೆ ಬಿದ್ದರೆ ಸಂದಿಯ ಮರಳೆಲ್ಲ ಖಾಲಿ. ನಮ್ಮಲ್ಲಿ ಒಂದೊಂದು ಹೆಂಚಿನ ಬಾಯಿಗೆ ಸರಿಯಾಗಿ, ಅಳೆದಿಟ್ಟ ಹಾಗೆ ಸಾಲಾಗಿ ಗುಂಡಿಗಳು ಬಿದ್ದಿದ್ದವು. ಈಗ ಸೂರಿನಡಿ ಒಂದೂವರೆ ಅಡಿ ಅಗಲ ಬಿಟ್ಟು ಹೊಳೆಗಲ್ಲು ತುಂಬಿದ್ದೇನೆ.

ಎರಡು ಮಳೆಗಾಲ ಕಳೆದಿದೆ. ಗೇಟಿನ ಬಳಿ, ನೀರಿನ ಪೈಪಿಗೆಂದು ಅಗೆದು ಮುಚ್ಚಿದ ಕಡೆ, ಆರು ಬ್ಲಾಕು ಅರ್ಧ ಇಂಚು ಕೂತಿವೆ. ಆ ಕಾಲುವೆಯನ್ನು ಸರಿಯಾಗಿ ಕುಟ್ಟದೆ ಬಿಟ್ಟವನು ನಾನೇ. ಎರಡು ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಮೊದಲ ಬ್ಲಾಕು ಏಳುತ್ತದೆ, ಉಳಿದವು ಕೈಗೇ ಬರುತ್ತವೆ. ಈ ಸಲದ ಕೊಯ್ಲು ಮುಗಿಯಲಿ ಅಂತ ಬಿಟ್ಟಿದ್ದೇನೆ.