‘ಪೇಷೆಂಟ್ ಕಡೆಯವರು ಯಾರು?’: ವಾರ್ಡಿನಲ್ಲಿ ಜೊತೆಗಿರುವವರಿಗೆ ಗೊತ್ತಿರಬೇಕಾದ್ದು

ಸರ್ಕಾರಿ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ರಾತ್ರಿ ಹೊತ್ತು ಅಷ್ಟೂ ಹಾಸಿಗೆಗಳನ್ನು ಒಬ್ಬರೋ ಇಬ್ಬರೋ ಸಿಸ್ಟರ್ ನೋಡಿಕೊಳ್ಳುತ್ತಾರೆ. ಅವರ ಕಣ್ಣು ಎಲ್ಲ ಕಡೆ ಇರಲಾರದು. ಹಾಗಾಗಿ ರೋಗಿಯ ಪಕ್ಕ ಕೂತಿರುವ ಮನೆಯವರು ಏನು ಗಮನಿಸುತ್ತಾರೆ, ಅದನ್ನು ಯಾವಾಗ ಹೇಳುತ್ತಾರೆ ಎನ್ನುವುದು ಬಹಳ ಮುಖ್ಯ. ನೋಡಬೇಕು, ತಕ್ಷಣ ಹೇಳಬೇಕು, ಕೈ ಹಾಕಬಾರದು. ವಾರ್ಡಿನಲ್ಲಿ ಮನೆಯವರಿಂದ ಆಗುವ ಎಡವಟ್ಟುಗಳಲ್ಲಿ ಬಹುಪಾಲು ಪ್ರೀತಿಯಿಂದ ಕೈ ಹಾಕಿದ್ದರಿಂದಲೇ ಆಗುವಂಥವು.

1. ಮನೆಯಿಂದ ಹೊರಡುವಾಗ

ರೇಷನ್ ಕಾರ್ಡ್, ಆಧಾರ್ ಕಾರ್ಡ್ ಎರಡೂ ಮೂಲಪ್ರತಿ, ಜೊತೆಗೆ ನಾಲ್ಕು ನಾಲ್ಕು ಜೆರಾಕ್ಸ್. ಹಳೆಯ ರಿಪೋರ್ಟುಗಳು. ರೋಗಿ ದಿನಾ ನುಂಗುವ ಮಾತ್ರೆಗಳನ್ನು ಸ್ಟ್ರಿಪ್ ಸಮೇತ ತನ್ನಿ. ‘ಬಿಪಿಗೆ ಒಂದು ಬಿಳಿ ಮಾತ್ರೆ’ ಎಂದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಒಂದು ಲೋಟ, ಚಮಚ, ಫ್ಲಾಸ್ಕ್, ಎರಡು ಬೆಡ್‌ಶೀಟ್, ಮುಂದೆ ಗುಂಡಿ ಇರುವ ಸಡಿಲ ಅಂಗಿ ಅಥವಾ ನೈಟಿ. ಒಡವೆ ಮನೆಯಲ್ಲೇ ಇರಲಿ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ಮೊತ್ತದ) ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಇದನ್ನು ಅಡ್ಮಿಟ್ ಆದ ದಿನವೇ ಆಸ್ಪತ್ರೆಯಲ್ಲಿರುವ ಈ ಯೋಜನೆಯ ಕೌಂಟರಿನಲ್ಲಿ ವಿಚಾರಿಸಬೇಕು. ಡಿಸ್ಚಾರ್ಜ್ ದಿನ ಬಿಲ್ ಹಿಡಿದುಕೊಂಡು ಹೋದರೆ ಕಾಲ ಮಿಂಚಿರುತ್ತದೆ.

ಅಪಘಾತ, ವಿಷ, ಸುಟ್ಟಗಾಯವಾದರೆ ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್, ಅಂದರೆ ಕಾನೂನಿಗೆ ಸಂಬಂಧಿಸಿದ ಪ್ರಕರಣ) ಎಂದು ಬರೆಯುತ್ತಾರೆ, ಪೊಲೀಸರಿಗೆ ತಿಳಿಸುತ್ತಾರೆ. ಅದು ಮಾಮೂಲಿ ಕ್ರಮ, ಹೆದರಿ ಕಥೆ ಕಟ್ಟಬೇಡಿ. ವಿಷ ಕುಡಿದಿದ್ದರೆ ಅದರ ಬಾಟಲಿಯನ್ನೇ ತೆಗೆದುಕೊಂಡು ಹೋಗಿ. ಲೇಬಲ್ ನೋಡಿದರೆ ಯಾವ ಮದ್ದು ಕೊಡಬೇಕೆಂದು ಡಾಕ್ಟರು ಬೇಗ ತೀರ್ಮಾನಿಸುತ್ತಾರೆ.

2. ವಾರ್ಡಿನ ದಿನಚರಿ

ಹೆಚ್ಚಿನ ಕಡೆ ಸಿಸ್ಟರ್‌ಗಳ ಶಿಫ್ಟ್ ಬೆಳಿಗ್ಗೆ 8, ಮಧ್ಯಾಹ್ನ 2, ರಾತ್ರಿ 8ಕ್ಕೆ ಬದಲಾಗುತ್ತದೆ. ಆ ಅರ್ಧ ಗಂಟೆ ಅವರು ಒಬ್ಬರಿಗೊಬ್ಬರು ಪ್ರತಿ ಹಾಸಿಗೆಯ ವಿವರ ಒಪ್ಪಿಸುತ್ತಿರುತ್ತಾರೆ. ತುರ್ತಿಲ್ಲದ ವಿಷಯಕ್ಕೆ ಆಗ ಅಡ್ಡ ಹೋಗಬೇಡಿ. ದೊಡ್ಡ ಡಾಕ್ಟರ ರೌಂಡ್ಸ್ ಬೆಳಿಗ್ಗೆ. ಆ ಹೊತ್ತಿಗೆ ಜೊತೆಗಿರುವವರು ತಿಂಡಿಗೆಂದು ಹೊರಗೆ ಹೋಗಿರುತ್ತಾರೆ, ಆಮೇಲೆ ‘ಡಾಕ್ಟರು ಏನೂ ಹೇಳಲೇ ಇಲ್ಲ’ ಎಂದು ಕೊರಗುತ್ತಾರೆ. ತಿಂಡಿ ಮುಂಚೆ ಮುಗಿಸಿ ಅಥವಾ ಆಮೇಲೆ ತಿನ್ನಿ. ಕೇಳಬೇಕಾದ ಮೂರೇ ಪ್ರಶ್ನೆ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಕಾಯಿಲೆ ಏನು, ಇವತ್ತು ಏನು ಮಾಡುತ್ತೀರಿ, ರೋಗಿಗೆ ಏನು ಕೊಡಬಹುದು. ಡಾಕ್ಟರ ಜೊತೆ ಮಾತಾಡುವವರು ಮನೆಯಲ್ಲಿ ಒಬ್ಬರೇ ಇರಲಿ. ದಿನಕ್ಕೊಬ್ಬ ಹೊಸ ಬಾವಮೈದ ಬಂದು ಮೊದಲಿನಿಂದ ಕೇಳಿದರೆ ರೋಗಿಗೆ ಏನೂ ಲಾಭವಿಲ್ಲ.

3. ಡ್ರಿಪ್: ಎಲ್ಲರೂ ಎಡವುವ ಜಾಗ

ಮೊದಲು ಕೈಯಲ್ಲಿರುವ ಕ್ಯಾನುಲಾ ಅರ್ಥವಾಗಲಿ. ಚುಚ್ಚಿದ ಸೂಜಿಯನ್ನು ಅಲ್ಲೇ ಹೊರಗೆ ಎಳೆದಿರುತ್ತಾರೆ, ನರದೊಳಗೆ ಉಳಿಯುವುದು ಮೆದು ಪ್ಲಾಸ್ಟಿಕ್ ಕೊಳವೆ ಮಾತ್ರ. ಹಾಗಾಗಿ ಕೈಯನ್ನು ಮರಗಟ್ಟಿದಂತೆ ಹಿಡಿದಿರಬೇಕಿಲ್ಲ, ನಿಧಾನವಾಗಿ ಆಡಿಸಬಹುದು. ಆದರೆ ಅದರ ಮೇಲೆ ನೀರು ಬೀಳಬಾರದು, ಪ್ಲಾಸ್ಟರ್ ಬಿಚ್ಚಬಾರದು.

ಪೈಪಿನ ಮೇಲೆ ಚಕ್ರವಿರುವ ರೆಗ್ಯುಲೇಟರ್ ಇದೆಯಲ್ಲ, ಅದನ್ನು ತಿರುಗಿಸುವ ಚಟವೇ ದೊಡ್ಡ ಅಪಾಯ. ‘ಬೇಗ ಮುಗಿದರೆ ಬೇಗ ಮಲಗಬಹುದು’ ಎಂದು ಪೂರ್ತಿ ತೆರೆದುಬಿಡುತ್ತಾರೆ. ವಯಸ್ಸಾದವರು, ಹೃದಯ ಅಥವಾ ಕಿಡ್ನಿ ಕಾಯಿಲೆಯವರ ಶ್ವಾಸಕೋಶದಲ್ಲಿ ಇದರಿಂದ ನೀರು ತುಂಬಿ ಉಸಿರು ಕಟ್ಟಬಹುದು. ಕೆಲವು ಬಾಟಲಿಗೆ ಪೊಟ್ಯಾಸಿಯಂ ಸೇರಿಸಿರುತ್ತಾರೆ. ಅದು ವೇಗವಾಗಿ ಹೋದರೆ ಹೃದಯವೇ ನಿಲ್ಲಬಹುದು. ನೋಡುವುದಕ್ಕೆ ಅದೂ ಬರೀ ನೀರಿನಂತೆಯೇ ಕಾಣುತ್ತದೆ.

ವೇಗ ಸರಿಯಿದೆಯೇ ಎಂದು ನೋಡುವುದು ಮಾತ್ರ ನಿಮ್ಮ ಕೆಲಸ. ದೊಡ್ಡವರಿಗೆ ಹಾಕುವ ಮಾಮೂಲಿ ಸೆಟ್‌ನಲ್ಲಿ ಸಾಧಾರಣವಾಗಿ 20 ಹನಿಗೆ 1 ಎಂಎಲ್. 500 ಎಂಎಲ್ ಬಾಟಲಿ 8 ಗಂಟೆಯಲ್ಲಿ ಮುಗಿಯಬೇಕಿದ್ದರೆ ನಿಮಿಷಕ್ಕೆ ಸುಮಾರು 21 ಹನಿ. ಬಾಟಲಿ ಎಷ್ಟು ಹೊತ್ತಿಗೆ ಮುಗಿಯಬೇಕೆಂದು ಸಿಸ್ಟರನ್ನು ಕೇಳಿಟ್ಟುಕೊಂಡು, ಗಡಿಯಾರ ನೋಡುತ್ತಾ ಒಂದು ನಿಮಿಷ ಪೂರ್ತಿ ಹನಿ ಎಣಿಸಿ. ಮಕ್ಕಳಿಗೆ ಹಾಕುವ ಮೈಕ್ರೋ ಸೆಟ್‌ನಲ್ಲಿ 60 ಹನಿಗೆ 1 ಎಂಎಲ್, ಆದ್ದರಿಂದ ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಹನಿ ತೀರಾ ಹೆಚ್ಚಾಗಿದೆ ಎನಿಸಿದರೆ ಸಿಸ್ಟರನ್ನು ಕರೆಯಿರಿ.

ಹನಿ ನಿಂತುಹೋಯಿತೇ? ಮೊಣಕೈ ಅಥವಾ ಮಣಿಕಟ್ಟು ಮಡಚಿದೆಯೇ, ಪೈಪು ಬೆನ್ನಡಿ ಅಥವಾ ಮಂಚದ ಕಂಬಿಗೆ ಸಿಕ್ಕಿದೆಯೇ ನೋಡಿ. ಹೆಚ್ಚಿನ ಸಲ ಕಾರಣ ಇವೆರಡೇ. ಇಲ್ಲವಾದರೆ ಕರೆಯಿರಿ. ಪೈಪನ್ನು ಹಿಂಡಿ ಒಳಗೆ ನೂಕಬೇಡಿ, ತುದಿಯಲ್ಲಿ ರಕ್ತ ಗಡ್ಡೆಗಟ್ಟಿದ್ದರೆ ಅದೂ ನರದೊಳಗೆ ಹೋಗುತ್ತದೆ.

ಬಾಟಲಿ ಖಾಲಿಯಾದ ಕೂಡಲೇ ಗಾಳಿ ನರಕ್ಕೆ ಹೋಗಿ ಪ್ರಾಣ ಹೋಗುತ್ತದೆಂಬ ಭಯ ಪ್ರತಿ ವಾರ್ಡಿನಲ್ಲೂ ಇದೆ. ತಾನಾಗಿ ಹನಿಯುವ ಡ್ರಿಪ್‌ನಲ್ಲಿ ಸಾಮಾನ್ಯವಾಗಿ ಹಾಗಾಗುವುದಿಲ್ಲ. ನರದೊಳಗಿನ ಒತ್ತಡ ಎದುರು ನಿಲ್ಲುವುದರಿಂದ ನೀರು ಪೈಪಿನ ಒಂದು ಮಟ್ಟಕ್ಕೆ ಇಳಿದು ನಿಲ್ಲುತ್ತದೆ. ಆಗುವ ತೊಂದರೆ ಬೇರೆ: ರಕ್ತ ಹಿಂದಕ್ಕೆ ಬಂದು ಕ್ಯಾನುಲಾದಲ್ಲಿ ಕಟ್ಟಿಕೊಳ್ಳುತ್ತದೆ, ಮತ್ತೊಂದು ಕಡೆ ಚುಚ್ಚಬೇಕಾಗುತ್ತದೆ. ಬಾಟಲಿಯಲ್ಲಿ 50 ಎಂಎಲ್ ಉಳಿದಾಗಲೇ ಹೋಗಿ ಹೇಳಿ. ಯಾರೂ ಬರುವ ಮುಂಚೆ ಪೂರ್ತಿ ಖಾಲಿಯಾದರೆ ರೆಗ್ಯುಲೇಟರನ್ನು ಮುಚ್ಚಿ. ಚಕ್ರ ಮುಟ್ಟಲು ಅನುಮತಿ ಇರುವುದು ಈ ಒಂದು ಸಂದರ್ಭದಲ್ಲಿ ಮಾತ್ರ. ಕೊನೆಯ ಹನಿಯೂ ಹೋಗಲಿ ಎಂದು ಬಾಟಲಿಯನ್ನು ಕೈಯಲ್ಲಿ ಹಿಂಡಿದರೆ ಗಾಳಿ ಹೋಗುವ ಅಪಾಯ ನಿಜವಾಗುತ್ತದೆ.

ಚುಚ್ಚಿದ ಜಾಗ ಊದಿ ಬಿಗಿಯಾಗಿ ತಣ್ಣಗಿದ್ದರೆ ನೀರು ನರದ ಹೊರಗೆ ಸೇರುತ್ತಿದೆ ಎಂದರ್ಥ. ಕೆಂಪಾಗಿ, ಉರಿದು, ನರ ಹಗ್ಗದಂತೆ ಗಟ್ಟಿಯಾಗಿದ್ದರೆ ನರವೇ ಉರಿಯೂತಕ್ಕೆ ಸಿಕ್ಕಿದೆ. ಎರಡರಲ್ಲೂ ಆ ಕ್ಯಾನುಲಾ ತೆಗೆಯಬೇಕು. ಎಣ್ಣೆ ತಿಕ್ಕುವುದು, ನೀವುವುದು ಬೇಡ. ಶೌಚಾಲಯಕ್ಕೆ ಹೋಗುವಾಗ ಬಾಟಲಿ ರೋಗಿಯ ಎದೆಗಿಂತ ಮೇಲಿರಬೇಕು. ಕೆಳಗಿಳಿದರೆ ರಕ್ತ ಪೈಪಿಗೆ ಬರುತ್ತದೆ.

ರಕ್ತ ಹಾಕುವಾಗ ಇನ್ನೂ ಜಾಗ್ರತೆ ಬೇಕು. ಬ್ಲಡ್ ಬ್ಯಾಂಕಿನಿಂದ ಚೀಲ ತರುವವರು ಅನೇಕ ಕಡೆ ಮನೆಯವರೇ. ತಂದವರು ದಾರಿಯಲ್ಲಿ ಟೀ ಕುಡಿಯುತ್ತಾ ನಿಲ್ಲಬಾರದು, ಹೊರಗೆ ತೆಗೆದ 30 ನಿಮಿಷದೊಳಗೆ ಹಾಕಲು ಶುರುವಾಗಬೇಕು, 4 ಗಂಟೆಯೊಳಗೆ ಮುಗಿಯಬೇಕು. ಚೀಲವನ್ನು ಬಿಸಿನೀರಿನಲ್ಲಿ ಅದ್ದುವುದು, ವಾರ್ಡಿನ ಫ್ರಿಜ್ಜಿನಲ್ಲಿ ಇಡುವುದು ಎರಡೂ ತಪ್ಪು. ಚೀಲದ ಮೇಲಿನ ಗುಂಪು, ನಂಬರ್ ಮತ್ತು ರೋಗಿಯ ಹೆಸರನ್ನು ಸಿಸ್ಟರ್ ಕೇಸ್ ಶೀಟ್‌ಗೆ ತಾಳೆ ನೋಡುವಾಗ ನೀವೂ ಕೇಳಿಸಿಕೊಳ್ಳಿ. ಮೊದಲ 15 ನಿಮಿಷ ಪಕ್ಕದಿಂದ ಕದಲಬೇಡಿ. ಚಳಿನಡುಕ, ಸೊಂಟನೋವು, ತುರಿಕೆ, ಉಬ್ಬಸ ಯಾವುದು ಕಂಡರೂ ಜೋರಾಗಿ ಕೂಗಿ ಕರೆಯಿರಿ. ಇಲ್ಲಿ ಸಂಕೋಚ ಬೇಡ.

4. ಮೂತ್ರದ ಚೀಲ, ಮೂಗಿನ ಟ್ಯೂಬು

ಮೂತ್ರದ ಚೀಲ ಯಾವಾಗಲೂ ರೋಗಿಯ ಸೊಂಟಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ ಮಂಚದ ಪಕ್ಕದ ಕಂಬಿಗೆ ನೇತಾಡುತ್ತಿರಬೇಕು. ಎಕ್ಸ್‌ರೇಗೆ ಕರೆದೊಯ್ಯುವಾಗ ಚೀಲವನ್ನು ಸ್ಟ್ರೆಚರ್ ಮೇಲೆ ರೋಗಿಯ ಕಾಲ ನಡುವೆ ಇಡುವುದನ್ನು ಎಲ್ಲೆಲ್ಲೂ ಕಾಣುತ್ತೇವೆ. ಚೀಲದಲ್ಲಿದ್ದ ಮೂತ್ರ ಹಿಂದಕ್ಕೆ ಹರಿದು ಸೋಂಕಾಗುವುದು ಹೀಗೆಯೇ. ಹೊರಡುವ ಮುನ್ನ ಚೀಲ ಖಾಲಿ ಮಾಡಿಸಿ. 60 ಕಿಲೋ ತೂಕದವರಿಗೆ ಗಂಟೆಗೆ ಕನಿಷ್ಠ 30 ಎಂಎಲ್ ಮೂತ್ರ ಬರಬೇಕು. ಅದಕ್ಕಿಂತ ಕಡಿಮೆಯಿದ್ದರೆ, ಪೈಪು ಮಡಚಿಲ್ಲ ಎಂದು ನೋಡಿಕೊಂಡು ಸಿಸ್ಟರಿಗೆ ಹೇಳಿ.

‘ಎಷ್ಟು ಕುಡಿದರು, ಎಷ್ಟು ಹೋಯಿತು ಬರೆದಿಡಿ’ ಎಂದರೆ ‘ಎರಡು ಲೋಟ’ ಎಂದು ಬರೆಯಬೇಡಿ. ನಿಮ್ಮ ಲೋಟಕ್ಕೆ ಎಷ್ಟು ಎಂಎಲ್ ಹಿಡಿಯುತ್ತದೆಂದು ನೀರಿನ ಬಾಟಲಿಯಿಂದ ಒಮ್ಮೆ ಅಳೆದುಕೊಳ್ಳಿ. ಗಂಜಿ, ಸಾರು, ಕಾಫಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಮೂಗಿನ ಟ್ಯೂಬಿನಲ್ಲಿ ಆಹಾರ ಹಾಕುವುದನ್ನು ಸಿಸ್ಟರ್ ತೋರಿಸಿಕೊಟ್ಟ ಮೇಲೆಯೇ ಮಾಡಿ. ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರಿಸಿರಬೇಕು, ಮಲಗಿಸಿ ಹಾಕಿದರೆ ಗಂಜಿ ಶ್ವಾಸಕೋಶಕ್ಕೆ ಹೋಗುತ್ತದೆ. ಸೋಸಿದ, ಉಗುರುಬೆಚ್ಚಗಿನ ಗಂಜಿ, ಒಂದು ಸಲಕ್ಕೆ ಹೆಚ್ಚೆಂದರೆ 200 ಎಂಎಲ್. ಸಿರಿಂಜಿನ ಹಿಂಬದಿ ತೆಗೆದು ಸುರಿಯಿರಿ, ತಾನಾಗಿ ಇಳಿಯಲಿ, ಒತ್ತಿ ನೂಕಬೇಡಿ. ಕೊನೆಗೆ 30 ಎಂಎಲ್ ನೀರು. ಆಮೇಲೆ ಅರ್ಧದಿಂದ ಒಂದು ಗಂಟೆ ಹಾಗೇ ಒರಗಿಸಿಡಿ. ನಡುವೆ ಕೆಮ್ಮು ಬಂದರೆ ನಿಲ್ಲಿಸಿ.

5. ಎಳನೀರು, ಬ್ರೆಡ್ಡು, ‘ಒಂದೇ ಗುಟುಕು ಕಾಫಿ’

ನೋಡಲು ಬರುವವರೆಲ್ಲ ಎಳನೀರು ತರುತ್ತಾರೆ. ಕಿಡ್ನಿ ತೊಂದರೆ ಇರುವವರಿಗೆ ಅದರಲ್ಲಿರುವ ಪೊಟ್ಯಾಸಿಯಂ ಪ್ರಾಣಾಪಾಯ ತರಬಲ್ಲದು. ಬಾಳೆಹಣ್ಣು, ಕಿತ್ತಳೆ ರಸಕ್ಕೂ ಇದೇ ಮಾತು. ಕೇಳದೆ ಕೊಡಬೇಡಿ. ಸಕ್ಕರೆ ಕಾಯಿಲೆಯವರಿಗೆ ಬ್ರೆಡ್ಡು, ಮಾಲ್ಟ್ ಪುಡಿ ಬೇಡವೇ ಬೇಡ. ಭೇದಿಗೆ ಓಆರ್‌ಎಸ್ ತರಲು ಹೇಳಿದರೆ ಡಬ್ಲ್ಯುಎಚ್‌ಓ ಸೂತ್ರದ್ದು ಎಂದು ಬರೆದಿರುವ ಪುಡಿಯ ಪೊಟ್ಟಣವನ್ನೇ ಕೇಳಿ ಪಡೆಯಿರಿ, ಅದರ ಮೇಲೆ ಹೇಳಿದಷ್ಟು ನೀರಿಗೆ ಪೂರ್ತಿ ಪೊಟ್ಟಣ ಕರಗಿಸಿ. ಅಂಗಡಿಯವರು ದಾಟಿಸುವ ಹಣ್ಣಿನ ರುಚಿಯ ಸಿಹಿ ಪ್ಯಾಕ್‌ಗಳಿಂದ ಭೇದಿ ಹೆಚ್ಚಾಗುತ್ತದೆ.

ಆಪರೇಷನ್‌ಗೆ ಮುಂಚೆ ಹೊಟ್ಟೆ ಖಾಲಿಯಿರಬೇಕು: ಊಟಕ್ಕೆ ಕನಿಷ್ಠ 6 ಗಂಟೆ, ಬರೀ ನೀರಿಗೆ 2 ಗಂಟೆ. ಹಾಲು ಹಾಕಿದ ಕಾಫಿ ಊಟದ ಲೆಕ್ಕಕ್ಕೆ ಸೇರುತ್ತದೆ. ಅರಿವಳಿಕೆಯಲ್ಲಿ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ಅದಕ್ಕೇ ಈ ಕಟ್ಟುನಿಟ್ಟು. ಪಾಪ ಎನಿಸಿ ಕೊಟ್ಟಿದ್ದರೆ ಮುಚ್ಚಿಡಬೇಡಿ, ಅರಿವಳಿಕೆ ಡಾಕ್ಟರಿಗೆ ಹೇಳಿಬಿಡಿ. ಆಪರೇಷನ್ ಮುಂದಕ್ಕೆ ಹೋದರೆ ಹೋಗಲಿ.

6. ಮಗ್ಗುಲು ಬದಲಿಸುವುದು, ರಾತ್ರಿ ಎಬ್ಬಿಸುವುದು

ತಾವಾಗಿ ಹೊರಳಲಾರದವರನ್ನು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ರಾತ್ರಿಯೂ. ಇಬ್ಬರು ಸೇರಿ ಅಡಿಯ ಬೆಡ್‌ಶೀಟ್ ಹಿಡಿದು ಎತ್ತಿ ಸರಿಸಬೇಕು, ಎಳೆದರೆ ಚರ್ಮ ಕೀಳುತ್ತದೆ. ಸೊಂಟದ ಹಿಂಬದಿ, ಹಿಮ್ಮಡಿ ಕೆಂಪಾಗಿವೆಯೇ ನೋಡಿ. ಕೆಂಪಾದ ಜಾಗವನ್ನು ಉಜ್ಜಬಾರದು, ಪೌಡರ್ ಮೆತ್ತಬಾರದು. ಮೆಡಿಕಲ್ ಸ್ಟೋರಿನಲ್ಲಿ ಮಾರುವ ರಿಂಗ್ ದಿಂಬಿಗೆ ದುಡ್ಡು ಹಾಕಬೇಡಿ, ಅದು ಸುತ್ತಲಿನ ರಕ್ತ ಸಂಚಾರಕ್ಕೇ ಅಡ್ಡಿ ಮಾಡುತ್ತದೆ. ಖರ್ಚು ಮಾಡುವುದಾದರೆ ಪಂಪ್ ಇರುವ ಏರ್ ಬೆಡ್‌ಗೆ ಮಾಡಿ. ಅದಿದ್ದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ.

ರಾತ್ರಿ ಶೌಚಕ್ಕೆ ಎದ್ದವರು ಬೀಳುವುದು ತೀರಾ ಸಾಮಾನ್ಯ. ಎಬ್ಬಿಸಿ ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂರಿಸಿ, ತಲೆ ಸುತ್ತಿಲ್ಲ ಎಂದಾದ ಮೇಲೆ ನಿಲ್ಲಿಸಿ. ಮೊಬೈಲ್ ಚಾರ್ಜ್ ಮಾಡಲು ಗೋಡೆಯಲ್ಲಿರುವ ಯಾವ ಪ್ಲಗ್ಗನ್ನೂ ಕೀಳಬೇಡಿ. ಆಕ್ಸಿಜನ್ ತಿರುಪಣಿಯನ್ನೂ ಮುಟ್ಟಬೇಡಿ. ಹಳೆಯ ಶ್ವಾಸಕೋಶ ಕಾಯಿಲೆಯವರಿಗೆ ಹೆಚ್ಚು ಆಕ್ಸಿಜನ್ ಕೊಟ್ಟರೂ ತೊಂದರೆಯೇ.

7. ನೋಡಲು ಬರುವವರು

ಸಂಜೆಯ ನಿಗದಿತ ಹೊತ್ತಿಗೆ, ಒಮ್ಮೆಗೆ ಇಬ್ಬರು, ಹತ್ತು ನಿಮಿಷ. ನೆಗಡಿ ಜ್ವರ ಇದ್ದವರು, ಪುಟ್ಟ ಮಕ್ಕಳು ಬೇಡ. ಮಂಚದ ಮೇಲೆ ಕೂರಬಾರದು. ಕೆಂಪು, ಹಳದಿ ಬಕೆಟ್‌ಗಳು ಆಸ್ಪತ್ರೆಯ ತ್ಯಾಜ್ಯಕ್ಕೆ ಮಾತ್ರ, ಊಟದ ಎಲೆ ಅಲ್ಲಿ ಹಾಕುವಂತಿಲ್ಲ. ಸ್ಟ್ರೆಚರ್ ತಳ್ಳಲು ಯಾರಿಗೂ ದುಡ್ಡು ಕೊಡಬೇಕಿಲ್ಲ. ಕೇಳಿದರೆ ರಸೀದಿ ಕೇಳಿ, ನರ್ಸಿಂಗ್ ಸೂಪರಿಂಟೆಂಡೆಂಟ್ ಬಳಿ ಹೋಗಿ.

8. ಡಿಸ್ಚಾರ್ಜ್ ದಿನ

ಕೈ ನೋಡಿ: ಕ್ಯಾನುಲಾ ತೆಗೆದಿದ್ದಾರೆಯೇ? ಗಡಿಬಿಡಿಯಲ್ಲಿ ಅದರೊಂದಿಗೇ ಊರಿಗೆ ಹೋಗುವವರಿದ್ದಾರೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಕಾಯಿಲೆಯ ಹೆಸರು, ಮಾತ್ರೆ ಎಷ್ಟು ದಿನ, ಹೊಲಿಗೆ ತೆಗೆಯುವ ದಿನ, ಮತ್ತೆ ಬರಬೇಕಾದ ತಾರೀಖು ಇವೆಯೇ ಓದಿಸಿಕೊಳ್ಳಿ. ಮನೆಯಲ್ಲಿರುವ ಹಳೆಯ ಬಿಪಿ, ಸಕ್ಕರೆ ಮಾತ್ರೆಗಳಲ್ಲಿ ಯಾವುದು ಮುಂದುವರಿಸಬೇಕು, ಯಾವುದು ನಿಲ್ಲಿಸಬೇಕು ಎಂದು ಸ್ಟ್ರಿಪ್ ತೋರಿಸಿಯೇ ಕೇಳಿ. ಇದನ್ನು ಕೇಳದೆ ಹೋದವರು ಒಂದೇ ಔಷಧವನ್ನು ಎರಡು ಹೆಸರಿನಲ್ಲಿ ನುಂಗುತ್ತಿರುತ್ತಾರೆ. ಸಮ್ಮರಿಯ ಎರಡು ಜೆರಾಕ್ಸ್ ಮಾಡಿಸಿ. ಕೊನೆಗೆ, ಯಾವ ಲಕ್ಷಣ ಕಂಡರೆ ತಾರೀಖಿಗೆ ಕಾಯದೆ ಬರಬೇಕು ಎಂದು ಕೇಳಿ ಅದನ್ನೂ ಚೀಟಿಯ ಹಿಂದೆ ಬರೆದುಕೊಳ್ಳಿ. ಮನೆಗೆ ಹೋದ ಮೇಲೆ ಅನುಮಾನ ಬಂದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ, ತುರ್ತಿದ್ದರೆ ಆಂಬುಲೆನ್ಸಿಗೆ 108ಕ್ಕೆ.