ಗೌರಿ ಹೂವಿಗೆ ಬಾಲ್ಕನಿಯಲ್ಲೊಂದು ಕುಂಡ

ಭಾದ್ರಪದ ಶುಕ್ಲ ತದಿಗೆಯಂದು ನಮ್ಮ ಮನೆಗಳಲ್ಲಿ ಸ್ವರ್ಣಗೌರಿಯನ್ನು ಕೂರಿಸುತ್ತೇವೆ. ಮುಂಬೈಯ ನಮ್ಮ ಮರಾಠಿ ನೆರೆಹೊರೆಯವರ ಜ್ಯೇಷ್ಠಾ ಗೌರಿ ಅದಾದ ಕೆಲವು ದಿನಗಳಿಗೆ, ಅನುರಾಧಾ ನಕ್ಷತ್ರದಲ್ಲಿ ಮನೆಗೆ ಬರುತ್ತಾಳೆ. ಈ ಎರಡು ಹಬ್ಬಗಳ ಆಸುಪಾಸಿನಲ್ಲಿಯೇ ಸಹ್ಯಾದ್ರಿಯ ಎರಡೂ ಮಗ್ಗುಲುಗಳ ಬೇಲಿಗಳಲ್ಲಿ ಬೆಂಕಿಯ ನಾಲಗೆಯಂತಹ ಹೂವೊಂದು ಅರಳುತ್ತದೆ. ಮಲೆನಾಡಿನವರು ಅದನ್ನು ಗೌರಿ ಹೂ ಎನ್ನುತ್ತಾರೆ. ಅಗ್ನಿಶಿಖೆ, ಕೋಳಿಕುಟುಮ ಎಂಬ ಹೆಸರುಗಳೂ ಅದಕ್ಕಿವೆ. ಮರಾಠಿಯಲ್ಲಿ ಅದು ಕಳಲಾವಿ. ಗ್ಲೋರಿಯೋಸಾ ಸುಪರ್ಬಾ ಎಂಬ ಸಸ್ಯಶಾಸ್ತ್ರೀಯ ಹೆಸರನ್ನು ಇಟ್ಟವನು ಲಿನೇಯಸ್. ಈ ಹೂವು ತಮಿಳುನಾಡಿನ ರಾಜ್ಯಪುಷ್ಪವೂ ಜಿಂಬಾಬ್ವೆಯ ರಾಷ್ಟ್ರಪುಷ್ಪವೂ ಆಗಿದೆ.

ಸಿದ್ದಾಪುರದ ಕಡೆಯ ನಮ್ಮ ತೋಟದ ಬೇಲಿಯಲ್ಲಿ ನನ್ನ ಬಾಲ್ಯದಲ್ಲಿ ಈ ಬಳ್ಳಿ ಧಾರಾಳವಾಗಿತ್ತು. ಈಗ ಊರಿಗೆ ಹೋದಾಗ ಹುಡುಕಿದರೆ ಮಾತ್ರ ಸಿಗುತ್ತದೆ. ಬೇಲಿಗಳ ಜಾಗಕ್ಕೆ ತಂತಿ ಬಂದದ್ದು ಒಂದು ಕಾರಣವಾದರೆ, ಔಷಧಿಗೆಂದು ಗೆಡ್ಡೆಯನ್ನೇ ಅಗೆದು ಒಯ್ಯುವುದು ಅದಕ್ಕಿಂತ ದೊಡ್ಡ ಕಾರಣ. ಮುಂಬೈಯ ಸುತ್ತಲಿನ ಗುಡ್ಡಗಳಲ್ಲಿ ಮಳೆಗಾಲದಲ್ಲಿ ಇದನ್ನು ಕಂಡವರಿಗೆ ಒಂದು ಗೆಡ್ಡೆಯನ್ನು ಕಿತ್ತು ತರುವ ಆಸೆಯಾಗುವುದು ಸಹಜ. ಆದರೆ ಹಾಗೆ ಮಾಡಬಾರದು. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ, ಕರ್ನಾಳಾ ಅಭಯಾರಣ್ಯದಂತಹ ಕಡೆಗಳಿಂದ ಗಿಡ ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದಲ್ಲದೆ, ಹೂವಿರುವಾಗ ಕಿತ್ತ ಗೆಡ್ಡೆ ಬದುಕುವುದೂ ಅಪರೂಪ. ತಮಿಳುನಾಡಿನಲ್ಲಿ ರೈತರು ಇದನ್ನು ಬೀಜಕ್ಕಾಗಿ ಹೊಲಗಳಲ್ಲಿ ಬೆಳೆಯುತ್ತಾರೆ. ಬೆಳೆಸಿದ ಗೆಡ್ಡೆಗಳನ್ನು ಮಾರುವ ನರ್ಸರಿಗಳೂ ಇವೆ. ಅಂಥವರಿಂದ ಫೆಬ್ರವರಿಯಿಂದ ಮೇ ತಿಂಗಳೊಳಗೆ, ಗೆಡ್ಡೆ ನಿದ್ರೆಯಲ್ಲಿರುವಾಗಲೇ ತರಿಸಿಕೊಳ್ಳುವುದು ಸರಿಯಾದ ಮಾರ್ಗ.

ಮೊದಲು ವಿಷದ ಮಾತು

ನೆಡುವ ವಿಧಾನಕ್ಕೆ ಹೋಗುವ ಮುನ್ನ ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕು. ಈ ಸಸ್ಯದ ಬೇರು, ಎಲೆ, ಹೂವು, ಬೀಜ ಎಲ್ಲವೂ ವಿಷ. ಗೆಡ್ಡೆ ಮತ್ತು ಬೀಜಗಳಂತೂ ತೀವ್ರವಾದ ವಿಷ. ಅದರಲ್ಲಿರುವ ಕಾಲ್ಚಿಸಿನ್ ಎಂಬ ರಾಸಾಯನಿಕ ಜೀವಕೋಶಗಳ ವಿಭಜನೆಯನ್ನೇ ತಡೆಯುತ್ತದೆ. ಗೌಟ್ ಎಂಬ ಕೀಲುನೋವಿಗೆ ವೈದ್ಯರು ಅತ್ಯಲ್ಪ ಪ್ರಮಾಣದಲ್ಲಿ ಕೊಡುವ ಔಷಧಿಯೂ ಇದೇ. ಆಯುರ್ವೇದವು ಇದನ್ನು ಲಾಂಗಲಿ ಎಂದು ಕರೆದು ಉಪವಿಷಗಳ ಸಾಲಿಗೆ ಸೇರಿಸಿದೆ. ಮರಾಠಿಯ ಕಳಲಾವಿ ಎಂಬ ಹೆಸರಿಗೆ ಹೆರಿಗೆಯ ನೋವು ಬರಿಸುವಂಥದ್ದು ಎಂಬ ಅರ್ಥವಿದೆ. ಆ ಹಳೆಯ ಬಳಕೆಯನ್ನು ಯಾರೂ ಮನೆಯಲ್ಲಿ ಪ್ರಯೋಗಿಸಕೂಡದು.

ಗೆಡ್ಡೆ ನೋಡಲು ಗೆಣಸಿನಂತೆ ಇರುವುದರಿಂದ, ಗೆಣಸೆಂದೇ ತಿಳಿದು ಬೇಯಿಸಿ ತಿಂದು ಪ್ರಾಣ ಕಳೆದುಕೊಂಡವರಿದ್ದಾರೆ. ಆದ್ದರಿಂದ ಗೆಡ್ಡೆಯನ್ನು ಅಡುಗೆಮನೆಯ ಹತ್ತಿರ ಎಂದಿಗೂ ಇಡಬಾರದು. ಇಟ್ಟ ಡಬ್ಬಿಯ ಮೇಲೆ ‘ವಿಷ’ ಎಂದು ಕನ್ನಡದ ಜೊತೆಗೆ ದೇವನಾಗರಿಯಲ್ಲಿಯೂ ಬರೆಯುವುದು ಅವಶ್ಯಕ, ಏಕೆಂದರೆ ಮನೆಗೆಲಸಕ್ಕೆ ಬರುವವರು ಅದನ್ನು ಓದುವಂತಿರಬೇಕು. ಮುಟ್ಟುವಾಗ ರಬ್ಬರ್ ಕೈಗವಸು ಧರಿಸಿ, ಆಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ದೇವರಿಗೆ ಏರಿಸಿದ ಹೂವು ತೀರ್ಥದ ಬಟ್ಟಲಿಗೋ ನೈವೇದ್ಯದ ತಟ್ಟೆಗೋ ತಾಗದಂತೆ ನೋಡಿಕೊಳ್ಳಬೇಕು. ಎಲ್ಲವನ್ನೂ ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಗುವಿರುವ ಮನೆಯಲ್ಲಿ, ಎಲೆ ಕಡಿಯುವ ಬೆಕ್ಕು-ನಾಯಿಗಳಿರುವ ಮನೆಯಲ್ಲಿ ಕೆಲವು ವರ್ಷ ಈ ಬಳ್ಳಿಯನ್ನು ಬೆಳೆಸದಿರುವುದೇ ಉತ್ತಮ ಎಂಬುದು ನನ್ನ ಖಚಿತ ಅಭಿಪ್ರಾಯ. ಅಕಸ್ಮಾತ್ ಯಾರಾದರೂ ತಿಂದರೆ ವಾಂತಿ-ಭೇದಿ ಶುರುವಾಗಲು ಕೆಲವು ಗಂಟೆಗಳೇ ಹಿಡಿಯಬಹುದು. ಅಲ್ಲಿಯವರೆಗೆ ಕಾಯದೆ, ಸಸ್ಯದ ತುಂಡೊಂದನ್ನು ಚೀಲದಲ್ಲಿ ಹಾಕಿಕೊಂಡು ತಕ್ಷಣ ಆಸ್ಪತ್ರೆಗೆ ಹೋಗಬೇಕು.

ನೇಗಿಲಿನಂತಹ ಗೆಡ್ಡೆ

ಲಾಂಗಲ ಎಂದರೆ ನೇಗಿಲು. ಗೆಡ್ಡೆಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಈ ಹೆಸರಿನ ಔಚಿತ್ಯ ಕೂಡಲೇ ತಿಳಿಯುತ್ತದೆ: ಬೆರಳುಗಾತ್ರದ ಎರಡು ಕವಲುಗಳು ಒಂದು ಕಡೆ ಕೂಡಿ, ನೇಗಿಲಿನ ಬಾಗಿನಂತೆ ಕಾಣುತ್ತವೆ. ಈ ಆಕಾರವನ್ನು ಅರ್ಥಮಾಡಿಕೊಂಡರೆ ಕೃಷಿಯ ಅರ್ಧ ಭಾಗ ಕೈಗೆ ಬಂದಂತೆ. ಆಲೂಗಡ್ಡೆಗಿರುವಂತೆ ಮೈತುಂಬ ಕಣ್ಣುಗಳು ಇದಕ್ಕಿಲ್ಲ. ಮೊಳಕೆ ಹುಟ್ಟುವುದು ಕವಲಿನ ತುದಿಯಲ್ಲಿ ಮಾತ್ರ. ಆ ತುದಿ ಮುರಿದರೆ ಉಳಿದ ಕವಲು ಎಷ್ಟೇ ದಪ್ಪವಾಗಿದ್ದರೂ ಚಿಗುರುವುದಿಲ್ಲ. ಗೆಡ್ಡೆ ಬಹಳ ಪೆಡಸಾದದ್ದು, ಸ್ವಲ್ಪ ಒತ್ತಿದರೂ ಮುರಿಯುತ್ತದೆ. ಕೊಳ್ಳುವಾಗ ತುದಿಗಳು ಅಖಂಡವಾಗಿವೆಯೇ, ಮೈ ಗಟ್ಟಿಯಾಗಿದೆಯೇ, ಎಲ್ಲಿಯಾದರೂ ಮೆತ್ತಗಾದ ಕಲೆ ಇದೆಯೇ ಎಂದು ನೋಡಬೇಕು. ಎರಡೂ ಕವಲುಗಳ ತುದಿ ಚೆನ್ನಾಗಿದ್ದರೆ ಕೂಡಿದ ಜಾಗದಲ್ಲಿ ಬೇರ್ಪಡಿಸಿ ಎರಡು ಬಳ್ಳಿ ಮಾಡಿಕೊಳ್ಳಬಹುದು. ಹಾಗೆ ಮಾಡಿದರೆ ಕತ್ತರಿಸಿದ ಭಾಗಕ್ಕೆ ಬೂದಿ ಹಚ್ಚಿ ಎರಡು-ಮೂರು ದಿನ ನೆರಳಿನಲ್ಲಿ ಒಣಗಲು ಬಿಡಬೇಕು. ಮೊದಲ ವರ್ಷ ಇಡಿಯಾಗಿ ನೆಡುವುದೇ ಕ್ಷೇಮ.

ಕುಂಡ 12 ಇಂಚು ಅಗಲ, ಅಷ್ಟೇ ಆಳ ಇರಲಿ. ಅಡಿಯಲ್ಲಿ ದೊಡ್ಡ ರಂಧ್ರಗಳಿರಲಿ. ಮುಂಬೈಯ ನರ್ಸರಿಗಳಲ್ಲಿ ‘ಲಾಲ್ ಮಿಟ್ಟಿ’ ಎಂದು ಚೀಲದಲ್ಲಿ ಸಿಗುವ ಕೆಂಪು ಮಣ್ಣನ್ನು ಹಾಗೆಯೇ ತುಂಬಿದರೆ ಜುಲೈ ಮಳೆಗೆ ಅದು ಹೆಂಟೆಯಂತೆ ಕಚ್ಚಿಕೊಂಡು ನೀರು ನಿಲ್ಲಿಸುತ್ತದೆ. ಎರಡು ಪಾಲು ಕೆಂಪು ಮಣ್ಣಿಗೆ ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಎರೆಗೊಬ್ಬರ ಬೆರೆಸಿ, ಒಂದು ಹಿಡಿ ಬೇವಿನ ಹಿಂಡಿ ಮತ್ತು ಒಂದು ಚಮಚ ಟ್ರೈಕೋಡರ್ಮಾ ಪುಡಿ ಸೇರಿಸುವುದು ನನ್ನ ಕ್ರಮ. ಟ್ರೈಕೋಡರ್ಮಾ ಒಂದು ಉಪಕಾರಿ ಶಿಲೀಂಧ್ರ. ಗೆಡ್ಡೆ ಕೊಳೆಸುವ ಶಿಲೀಂಧ್ರಗಳನ್ನು ಅದು ಹತ್ತಿಕ್ಕುತ್ತದೆ. ತಳದಲ್ಲಿ ಎರಡು ಇಂಚು ಇಟ್ಟಿಗೆ ಚೂರು ಹಾಕಬಹುದು.

ಮೇ ಮೂರನೆಯ ವಾರದಲ್ಲಿ ನೆಡಬೇಕು. ಗೆಡ್ಡೆಯನ್ನು ನಿಲ್ಲಿಸದೆ ಅಡ್ಡವಾಗಿ ಮಲಗಿಸಿ, ಮೇಲೆ ಎರಡರಿಂದ ಮೂರು ಇಂಚು ಮಣ್ಣು ಮುಚ್ಚಿ, ಒಮ್ಮೆ ಮಾತ್ರ ನೀರು ಹಾಕಬೇಕು. ಮೊಳಕೆ ಮಣ್ಣಿನಿಂದ ತಲೆ ಎತ್ತುವವರೆಗೆ ಮೇಲ್ಮಣ್ಣು ಒಣಗಿದ ಮೇಲಷ್ಟೇ ಮತ್ತೆ ನೀರು. ಇಲ್ಲಿ ಜೂನ್ ಎರಡನೆಯ ವಾರದ ಸುಮಾರಿಗೆ ಮಳೆ ಹಿಡಿಯುತ್ತದೆ. ಅಷ್ಟರೊಳಗೆ ಚಿಗುರು ಕಂಡರೆ ಒಳ್ಳೆಯದು, ಕಾಣದಿದ್ದರೂ ಗಾಬರಿಯಾಗಿ ಮಣ್ಣು ಕೆದಕಬಾರದು. ಕೆದಕುವ ಬೆರಳಿಗೆ ಮೊದಲು ಸಿಗುವುದು ಆ ಪೆಡಸಾದ ತುದಿಯೇ.

ಎಲೆಯೇ ಕೈ

ಈ ಬಳ್ಳಿ ಹಾಗಲಬಳ್ಳಿಯಂತೆ ಬೇರೆಯಾದ ಕುಡಿಬಳ್ಳಿಯನ್ನು ಬಿಡುವುದಿಲ್ಲ, ಅವರೆಬಳ್ಳಿಯಂತೆ ಕಾಂಡವನ್ನೂ ಸುತ್ತುವುದಿಲ್ಲ. ಎಲೆಯ ತುದಿಯೇ ಸಪೂರವಾಗಿ ಉದ್ದಕ್ಕೆ ಎಳೆದುಕೊಂಡು, ಸಿಕ್ಕಿದ್ದನ್ನು ಸುರುಳಿಯಾಗಿ ಹಿಡಿಯುತ್ತದೆ. ಆದ್ದರಿಂದ ದಪ್ಪ ಕೋಲು ಅದಕ್ಕೆ ಪ್ರಯೋಜನವಿಲ್ಲ. ಕಿಟಕಿಯ ಗ್ರಿಲ್‌ನ ಪಟ್ಟಿಯನ್ನು ಎಲೆಯ ತುದಿ ಹಿಡಿಯಲಾರದೆ ಜಾರುವುದನ್ನು ನಾನು ಕಂಡಿದ್ದೇನೆ. ಅದೇ ಗ್ರಿಲ್‌ಗೆ ನಾಲ್ಕು ಸುತಲಿ ಹುರಿ ಕಟ್ಟಿದ ಮೂರನೆಯ ದಿನ ಅವುಗಳನ್ನು ಹಿಡಿದು ಮೇಲೇರತೊಡಗಿತು. ಪೆನ್ಸಿಲ್‌ಗಿಂತ ತೆಳ್ಳಗಿನ ಬಿದಿರಿನ ಸೀಳು, ಒಣಗಿದ ಕವಲುರೆಂಬೆ, ಹುರಿ ಇವು ಸಾಕು. ಆಸರೆಯನ್ನು ನೆಡುವ ದಿನವೇ ಹುಗಿದಿಡಬೇಕು. ಆಮೇಲೆ ಚುಚ್ಚಿದರೆ ಗೆಡ್ಡೆಗೆ ತಾಗುತ್ತದೆ. ಎಳೆ ಕಾಂಡ ಬುಡದಲ್ಲಿ ಮುರಿದರೆ ಆ ವರ್ಷದ ಹೂವು ಬಹುತೇಕ ಹೋದಂತೆಯೇ. ಹಾಗಾಗಿ ಆರಂಭದ ವಾರಗಳಲ್ಲಿ ಬಿರುಗಾಳಿ ಎದ್ದಾಗ ಕುಂಡವನ್ನು ಗೋಡೆಯ ಮರೆಗೆ ಸರಿಸಬೇಕು.

ದಿನಕ್ಕೆ ನಾಲ್ಕೈದು ಗಂಟೆಯ ಬಿಸಿಲು ಸಿಗುವ ಜಾಗ ಬಳ್ಳಿಗೆ ಬೇಕು. ಬುಡ ಮಾತ್ರ ತಂಪಾಗಿರಬೇಕು. ಬೇಲಿಯಲ್ಲಿ ಅದು ಬೆಳೆಯುವ ರೀತಿಯೇ ಹಾಗೆ, ಕಾಲು ಪೊದೆಯ ನೆರಳಿನಲ್ಲಿ, ತಲೆ ಬಿಸಿಲಿನಲ್ಲಿ. ಕುಂಡದ ಬುಡಕ್ಕೆ ಒಣ ಎಲೆಗಳನ್ನು ಹಾಸಬಹುದು. ಬಳ್ಳಿ ಎರಡಡಿ ಎತ್ತರವಾದ ಮೇಲೆ ಹದಿನೈದು ದಿನಕ್ಕೊಮ್ಮೆ ಎರೆಗೊಬ್ಬರ ನೆನೆಸಿದ ತಿಳಿನೀರು ಕೊಟ್ಟರೆ ಸಾಕು. ಮಳೆ ಬೀಳುವ ಬಾಲ್ಕನಿಯಾದರೆ ನೀರು ಹಾಕುವ ಕೆಲಸವೇ ಇಲ್ಲ. ಕುಂಡದ ಅಡಿಯ ತಟ್ಟೆಯನ್ನು ಮಾತ್ರ ತೆಗೆದುಬಿಡಬೇಕು.

ಜುಲೈ ಕೊನೆಯಿಂದ ಮೊಗ್ಗು ಕಾಣಿಸುತ್ತದೆ. ಹೂವು ನೆಲಕ್ಕೆ ಮುಖಮಾಡಿ ತೂಗಿದರೂ ಅದರ ಆರು ದಳಗಳು ಹಿಂದಕ್ಕೆ ಮಡಿಚಿ ಆಕಾಶಕ್ಕೆ ಏಳುತ್ತವೆ. ಅವು ಮೊದಲು ತಿಳಿಹಸಿರು, ಆಮೇಲೆ ಹಳದಿ, ಅನಂತರ ಬುಡದಲ್ಲಿ ಹಳದಿ ಉಳಿದು ತುದಿಯಲ್ಲಿ ಕೆಂಪು, ಕೊನೆಗೆ ಪೂರ್ತಿ ಗಾಢ ಕೆಂಪು. ಒಂದು ವಾರಕ್ಕೂ ಹೆಚ್ಚು ಕಾಲ ಉಳಿಯುವ ಹೂವುಗಳು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಅರಳುವುದರಿಂದ, ಒಂದೇ ಬಳ್ಳಿಯಲ್ಲಿ ಈ ಎಲ್ಲ ಬಣ್ಣಗಳನ್ನೂ ಒಟ್ಟಿಗೆ ಕಾಣಬಹುದು. ಹಬ್ಬ ಸೆಪ್ಟೆಂಬರ್ ನಡುವಿಗೆ ಬೀಳುವ ವರ್ಷ ನಾನು ಎರಡನೆಯ ಗೆಡ್ಡೆಯೊಂದನ್ನು ಮೂರು ವಾರ ತಡವಾಗಿ ನೆಡುತ್ತೇನೆ.

ಕೀಟಗಳಲ್ಲಿ ಮುಖ್ಯವಾದದ್ದು ಒಂದೇ: ಕಪ್ಪು ಮೈಯ ಮೇಲೆ ಬಿಳಿ ಚುಕ್ಕೆ ಮತ್ತು ಕೆಂಪು ಮಚ್ಚೆಗಳಿರುವ ಕಂಬಳಿಹುಳುವಿನಂತಹ ಮರಿಹುಳು. ಪಾಲಿಟೆಲಾ ಗ್ಲೋರಿಯೋಸೆ ಎಂಬ ಪತಂಗದ ಮರಿ ಅದು. ಹೆಸರಿನಲ್ಲೇ ಈ ಬಳ್ಳಿಯಿದೆ. ನಮಗೆ ವಿಷವಾದ ಎಲೆ ಅದಕ್ಕೆ ಆಹಾರ, ಗುಂಪಾಗಿ ಬಂದರೆ ಕೆಲವೇ ದಿನಗಳಲ್ಲಿ ಬಳ್ಳಿ ಬೋಳಾಗುತ್ತದೆ. ಲಿಲ್ಲಿ ಗಿಡಗಳನ್ನೂ ತಿನ್ನುವ ಹುಳುವಾದ್ದರಿಂದ ಪಕ್ಕದ ಲಿಲ್ಲಿ ಕುಂಡಗಳನ್ನೂ ನೋಡಬೇಕು. ದಿನಾ ಬೆಳಿಗ್ಗೆ ಎಲೆಗಳನ್ನು ತಿರುವಿ, ಕಂಡ ಹುಳುಗಳನ್ನು ಸಾಬೂನು ನೀರಿಗೆ ಹಾಕುವುದೇ ಸಾಕಾದ ಉಪಾಯ.

ಖಾಲಿ ಕುಂಡದ ಆರು ತಿಂಗಳು

ಈ ಬಳ್ಳಿಯನ್ನು ಕಳೆದುಕೊಂಡವರಲ್ಲಿ ಹೆಚ್ಚಿನವರು ಕಳೆದುಕೊಂಡದ್ದು ಮಳೆಗಾಲದಲ್ಲಲ್ಲ, ಚಳಿಗಾಲದಲ್ಲಿ. ಅಕ್ಟೋಬರ್ ಹೊತ್ತಿಗೆ ಎಲೆಗಳು ಹಳದಿಯಾಗತೊಡಗುತ್ತವೆ. ಇದು ರೋಗವಲ್ಲ, ನಿದ್ರೆಯ ತಯಾರಿ. ಮೇ ತಿಂಗಳಲ್ಲಿ ನೆಟ್ಟ ಗೆಡ್ಡೆ ಅಷ್ಟರಲ್ಲಿ ಕರಗಿ ತೊಗಟೆಯಂತಾಗಿರುತ್ತದೆ. ಅದರ ಜಾಗದಲ್ಲಿ ಹೊಸ ಗೆಡ್ಡೆ ರೂಪುಗೊಂಡು, ಹಳದಿಯಾಗುತ್ತಿರುವ ಎಲೆಗಳಿಂದ ಕೊನೆಯ ಸಾರವನ್ನು ಹೀರಿಕೊಳ್ಳುತ್ತಿರುತ್ತದೆ. ನೋಡಲು ಚೆನ್ನಾಗಿಲ್ಲವೆಂದು ಆಗ ಬಳ್ಳಿಯನ್ನು ಕತ್ತರಿಸಿದರೆ ಮುಂದಿನ ವರ್ಷದ ಹೂವನ್ನೇ ಕತ್ತರಿಸಿದಂತೆ. ಎಲೆ ಹಳದಿಯಾಗುತ್ತಿದ್ದಂತೆ ನೀರನ್ನು ಕಡಿಮೆ ಮಾಡುತ್ತ ಬಂದು, ಕಾಂಡ ಪೂರ್ತಿ ಒಣಗಿ ಮೆಲ್ಲನೆ ಎಳೆದರೆ ಕಳಚಿ ಬರುವ ದಿನ ನಿಲ್ಲಿಸಿಬಿಡಬೇಕು. ಅಲ್ಲಿಂದ ಮೇ ತನಕ ಒಂದು ಹನಿ ನೀರೂ ಬೇಡ.

ಇದು ಹೇಳಿದಷ್ಟು ಸುಲಭವಲ್ಲ. ಮುಲುಂಡ್‌ನ ಮನೆಯಲ್ಲಿ ನಾನು ಬೆಳೆಸಿದ ಮೊದಲ ಬಳ್ಳಿ ಒಣಗಿದ ಮೇಲೂ, ಪಕ್ಕದ ತುಳಸಿ-ದಾಸವಾಳಗಳಿಗೆ ನೀರು ಹಾಕುವಾಗ ಆ ಕುಂಡಕ್ಕೂ ಒಂದು ಚೊಂಬು ಹಾಕುತ್ತಿದ್ದೆ. ಮಣ್ಣು ಬಿರಿದದ್ದನ್ನು ಕಂಡು ಮನಸ್ಸು ತಡೆಯುತ್ತಿರಲಿಲ್ಲ. ಮೇ ತಿಂಗಳಲ್ಲಿ ಬಗ್ಗಿಸಿದಾಗ ಗೆಡ್ಡೆ ಇರಬೇಕಾದಲ್ಲಿ ಕಂದು ಬಣ್ಣದ ಲೋಳೆಯಿತ್ತು. ಊರಿನ ಬೇಲಿಯ ಬುಡಕ್ಕೆ ಬೇಸಿಗೆಯಲ್ಲಿ ಯಾರೂ ನೀರು ಹೊಯ್ಯುತ್ತಿರಲಿಲ್ಲ ಎಂಬುದು ಆಗ ನೆನಪಿಗೆ ಬಂತು. ಈಗ ಆ ಕುಂಡವನ್ನು ನವೆಂಬರ್‌ನಲ್ಲಿಯೇ ಉಳಿದವುಗಳಿಂದ ಬೇರ್ಪಡಿಸಿ, ಬಿಸಿಲು ನೇರವಾಗಿ ಬೀಳದ ಮೂಲೆಯಲ್ಲಿ ಇಟ್ಟು, ಮಣ್ಣಿಗೆ ಒಂದು ಚೀಟಿ ಚುಚ್ಚುತ್ತೇನೆ. ಮನೆಯವರೆಲ್ಲರಿಗೂ, ವಿಶೇಷವಾಗಿ ನಾವು ಊರಿಗೆ ಹೋದಾಗ ಗಿಡಗಳಿಗೆ ನೀರು ಹಾಕುವ ನೆರೆಯವರಿಗೂ, ಈ ಕುಂಡ ಖಾಲಿಯಲ್ಲ ಎಂದು ತಿಳಿಸಿರಬೇಕು.

ಪ್ರತಿ ವರ್ಷ ಗೆಡ್ಡೆ ತೆಗೆಯುವ ಅಗತ್ಯವಿಲ್ಲ. ಎರಡು ವರ್ಷಕ್ಕೊಮ್ಮೆ, ಮೇ ಆರಂಭದಲ್ಲಿ, ಕುಂಡವನ್ನು ಹಳೆಯ ಪತ್ರಿಕೆಯ ಮೇಲೆ ಮಗುಚಿ ಕೈಯಿಂದಲೇ ಮಣ್ಣು ಬಿಡಿಸಬೇಕು, ಖುರ್ಪಿ ಹಾಕಬಾರದು. ಸಿಕ್ಕ ಗೆಡ್ಡೆಗಳನ್ನು ಹೊಸ ಮಣ್ಣಿಗೆ ನೆಟ್ಟು, ಹೆಚ್ಚಾದದ್ದನ್ನು ಎಚ್ಚರಿಕೆಯ ಮಾತಿನೊಂದಿಗೆ ಬೇಕಾದವರಿಗೆ ಕೊಡಬಹುದು.

ಬೀಜದಿಂದ ಬೆಳೆಸುವ ತಾಳ್ಮೆ ಇದ್ದವರಿಗೆ ಇನ್ನೊಂದು ದಾರಿಯಿದೆ. ಈ ಹೂವಿನ ಶಲಾಕೆ, ಅಂದರೆ ತುದಿಯಲ್ಲಿ ಪರಾಗವನ್ನು ಪಡೆಯುವ ಹೆಣ್ಣು ಭಾಗದ ದಂಟು, ಬುಡದಲ್ಲೇ ಲಂಬಕೋನದಲ್ಲಿ ಪಕ್ಕಕ್ಕೆ ತಿರುಗಿ, ಪರಾಗ ಹೊತ್ತ ಕೇಸರಗಳಿಂದ ದೂರ ಉಳಿಯುತ್ತದೆ. ಕಾಡಿನಲ್ಲಿ ಚಿಟ್ಟೆಗಳೂ ಸೂರಕ್ಕಿಗಳೂ ಪರಾಗ ಸಾಗಿಸುತ್ತವೆ. ಮೂರನೆಯ ಮಹಡಿಯಲ್ಲಿ ಆ ಕೆಲಸವನ್ನು ನಾವೇ ಮಾಡಬೇಕು. ಬೆಳಗಿನ ಹೊತ್ತು ಒಂದು ಬಳ್ಳಿಯ ಪರಾಗವನ್ನು ಮೆತ್ತನೆಯ ಕುಂಚದಿಂದ ಎತ್ತಿ ಇನ್ನೊಂದು ಬಳ್ಳಿಯ ಹೂವಿನ ಶಲಾಕಾಗ್ರಕ್ಕೆ ಸವರಿದರೆ ಹಸಿರು ಕಾಯಿ ಕಟ್ಟುತ್ತದೆ. ಕಾಯಿ ಒಣಗಿ ಮೂರು ಹೋಳಾಗಿ ಬಿರಿದಾಗ ಕಾಣುವ ಕಿತ್ತಳೆ-ಕೆಂಪು ಬೀಜಗಳನ್ನು ಮಕ್ಕಳ ಕೈಗೆ ಸಿಗುವ ಮುನ್ನವೇ ತೆಗೆದು, ಒಣಗಿಸಿ, ಮುಂದಿನ ಮೇ ತಿಂಗಳಲ್ಲಿ ಬಿತ್ತಬೇಕು. ಮೊಳೆಯಲು ವಾರಗಳಲ್ಲ, ಕೆಲವೊಮ್ಮೆ ತಿಂಗಳುಗಳೇ ಬೇಕು. ಮೊದಲ ಮಳೆಗಾಲದಲ್ಲಿ ಹುಲ್ಲಿನಂತಹ ಸಣ್ಣ ಎಲೆಗಳಷ್ಟೇ ಬಂದು ಒಣಗುತ್ತವೆ, ಅಡಿಯಲ್ಲಿ ಬಟಾಣಿಗಿಂತ ತುಸು ದೊಡ್ಡ ಗೆಡ್ಡೆ ಉಳಿದಿರುತ್ತದೆ. ಹೂವು ಮೂರು ಅಥವಾ ನಾಲ್ಕನೆಯ ವರ್ಷಕ್ಕೆ. ಬಿತ್ತಿದ ಕುಂಡದ ಮೇಲೆ ಆ ವರ್ಷವನ್ನು ಅಳಿಸದ ಶಾಯಿಯಲ್ಲಿ ಬರೆದಿಡಬೇಕು.